ಸಮಯಕ್ಕೆ ಸರಿಯಾಗಿ ಮುಗಿದ ಸಭೆ

ಸಭೆ ಮುಗಿದ ಮೇಲೆ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಪೇರಿಸುವಾಗ ಏಳುವ ಸದ್ದು ನನಗೆ ಬಹಳ ಕಾಲ ಸಂಗೀತದಂತೆ ಕೇಳಿದೆ. ಆ ಸದ್ದಿನ ನಡುವೆ ಸಂಘಟಕರೆಲ್ಲ ಚಹಾದ ಕಪ್ಪು ಹಿಡಿದು ಒಬ್ಬರನ್ನೊಬ್ಬರು ಕೇಳುತ್ತಾರೆ: "ಹೆಂಗಾತ್ರಿ ಕಾರ್ಯಕ್ರಮ?" ಉತ್ತರ ಎಂದಿಗೂ ಒಂದೇ: "ಭಾಳ ಛಲೋ ಆತ್ರಿ." ಕರೆಂಟು ಹೋಗಿ ಮೈಕು ಬಾಯಿ ಮುಚ್ಚಿದ ದಿನವೂ ಅದು ಚೆನ್ನಾಗಿಯೇ ಆಗಿರುತ್ತದೆ, ಅತಿಥಿಗಳು ಬಾರದೆ, ಅವರಿಗೆಂದು ತಂದ ಶಾಲನ್ನು ಅಧ್ಯಕ್ಷರೇ ಹೊದ್ದುಕೊಂಡ ದಿನವೂ.

ಸವಣೂರಿನ ಒಂದು ಪುಟ್ಟ ಸಂಘಕ್ಕೆ ನಾನು ಬಹುಕಾಲ ಕಾರ್ಯದರ್ಶಿಯಾಗಿದ್ದೆ. ಓದಿದ್ದು ಹೈಸ್ಕೂಲಿನವರೆಗೆ, ಆದರೆ ಸಭೆಗಳ ಗುಣದೋಷ ಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲವೆಂಬ ಹಮ್ಮು ಮಾತ್ರ ಅದಕ್ಕಿಂತ ಬಹಳ ಮೇಲಿನ ತರಗತಿಯದು. ಬಸ್ಸು ಹಿಡಿದು ಸುತ್ತಲಿನ ಊರುಗಳ ಸಮಾರಂಭಗಳಿಗೆ ಹೋಗಿ ತೀರ್ಪು ಹೊತ್ತು ತರುತ್ತಿದ್ದೆ. ಹಾನಗಲ್ಲಿನವರು ಮಂದಿ ಕೂಡಿಸುತ್ತಾರೆ, ಹೊತ್ತು ಕಾಯುವುದಿಲ್ಲ. ಶಿಗ್ಗಾವಿಯವರಲ್ಲಿ ಮಾತಿಗಿಂತ ಮಾಲೆಗಳೇ ಹೆಚ್ಚು. ಹಿರೇಕೆರೂರಿನವರ ಊಟ ನೆನಪಿರುತ್ತದೆ, ಭಾಷಣ ನೆನಪಿರುವುದಿಲ್ಲ. ನಮ್ಮ ಸಂಘದ ಹಿರಿಮೆಯೆಂದರೆ ಸಮಯಪಾಲನೆ. ಅದರ ಆಯುಧ ನನ್ನ ಅಂಗಿಯ ಜೇಬಿನಲ್ಲಿರುತ್ತಿತ್ತು: ಹಳೆಯ ಆಮಂತ್ರಣ ಪತ್ರಿಕೆಗಳನ್ನು ಕತ್ತರಿಸಿ, ಹಿಂಬದಿಯಲ್ಲಿ 'ದಯವಿಟ್ಟು ಮುಗಿಸಿ' ಎಂದು ಬರೆದ ಚೀಟಿಗಳು. ಮಾತು ಉದ್ದವಾಯಿತೆನಿಸಿದರೆ ಬಾಗಿ ನಡೆದು ಭಾಷಣಕಾರರ ಮುಂದೆ ಒಂದನ್ನು ಇಟ್ಟುಬಿಡುತ್ತಿದ್ದೆ. ಹೆಂಡತಿ ತೀರಿಕೊಂಡು, ಮನೆಯಲ್ಲಿ ನನ್ನ ಕೆಮ್ಮಿಗೆ ಗೋಡೆಯಷ್ಟೇ ಉತ್ತರ ಕೊಡುತ್ತಿದ್ದ ದಿನಗಳವು. ನಾನು ಬಾಗಿ ನಡೆದರೆ ದೊಡ್ಡವರು ಮಾತು ನಿಲ್ಲಿಸುತ್ತಾರೆಂಬುದು ನನಗಿದ್ದ ಒಂದೇ ಸುಖವಾಗಿತ್ತೇನೋ.

ಒಂದು ಸಲ ವೀಳ್ಯದ ಎಲೆಬಳ್ಳಿ ತೋಟದ ಬಸವಣ್ಣೆಪ್ಪನಿಗೆ ಸನ್ಮಾನವಿತ್ತು. ಅವನು ನನ್ನ ಶಾಲೆಯ ಜೊತೆಗಾರ. ಉಳಿದವರ ತೋಟಗಳು ಒಣಗಿದಾಗಲೂ ಅವನ ಬಳ್ಳಿಗಳು ಹಸಿರಾಗಿದ್ದವೆಂದು ಅವನ ಹೆಸರನ್ನು ಸೂಚಿಸಿದವನೂ ನಾನೇ. ಅತಿಥಿಗಳ ಭಾಷಣವೇ ಬೆಳೆದು ಹೊತ್ತಾಗಿತ್ತು. ಅವರಿಗೆ ಶಿಗ್ಗಾವಿಯಲ್ಲಿ ಇನ್ನೊಂದು ಸಭೆ, ಹೊರಗೆ ಕಾರು ಚಾಲೂ ಆಗಿಯೇ ನಿಂತಿತ್ತು. ಬಸವಣ್ಣೆಪ್ಪ ಹೆಗಲ ಮೇಲೆ ಶಾಲು ಹೊತ್ತು, ಮೈಕಿನಿಂದ ಒಂದು ಮೊಳ ದೂರ ನಿಂತು ಹೇಳಿದ: "ಈ ಶಾಲು ನನಗ ಹಾಕೀರಿ. ಖರೇ ಹೇಳ್ಬೇಕಂದ್ರ ತ್ವಾಟ ಉಳದದ್ದು ನನ್ನಿಂದಲ್ರಿ..." ಅಷ್ಟರಲ್ಲಿ ನನ್ನ ಚೀಟಿ ಅವನ ಕೈಯಲ್ಲಿತ್ತು. ಅವನು ಅದನ್ನು ಓದಿದ, ನನ್ನ ಮುಖ ನೋಡಿದ, "ನಮಸ್ಕಾರ್ರಿ" ಎಂದು ಕುಳಿತ. ಕುರ್ಚಿ ಪೇರಿಸುವಾಗ ನಾವೆಲ್ಲ ಹೇಳಿಕೊಂಡೆವು, ಭಾಳ ಛಲೋ ಆತು.

ಮುಂದೆ ಅವನು ನಮ್ಮ ಯಾವ ಸಭೆಗೂ ಬರಲಿಲ್ಲ. ಸನ್ಮಾನವಾದ ಮೇಲೆ ಸೊಕ್ಕು ಬಂತೆಂದು ಆಡಿಕೊಂಡವರಲ್ಲಿ ನಾನೇ ಮೊದಲಿಗ.

ಕಳೆದ ವರ್ಷ ಅವನ ಅಕ್ಕ ಗಂಗವ್ವ ತೀರಿಕೊಂಡಳು. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅವನನ್ನು ಮಾತಾಡಿಸಿ ಬರಲು ನಾನು ತೋಟಕ್ಕೆ ಹೋದೆ. ಬಸವಣ್ಣೆಪ್ಪ ಕಟ್ಟೆಯ ಮೇಲೆ ಕುಳಿತು ಕೊಯ್ದ ಎಲೆಗಳನ್ನು ಜೋಡಿಸುತ್ತಿದ್ದ.

"ಬರ್ರಿ ಸೆಕ್ರೆಟರಿ ಸಾಹೇಬ್ರ. ಕುಂತ್ಕೋರಿ. ಹೊತ್ತಾತಂದ್ರ ನಾನೂ ಚೀಟಿ ಕೊಡ್ತೇನಿ."

ನಕ್ಕೆ, ಅವನೂ ನಕ್ಕ. ಆದರೆ ಜೊತೆಗಾರನ ಬಾಯಲ್ಲಿ ಆ 'ರಿ' ಮುಳ್ಳಿನಂತೆ ಚುಚ್ಚಿತು. ಕಡೆಗೆ ಕೇಳಿಯೇಬಿಟ್ಟೆ: "ಅವತ್ತ ಏನ ಹೇಳಾಂವ ಇದ್ದೀ?"

"ಅಕ್ಕನ ಹೆಸರು," ಎಂದ. "ನಾ ಹುಬ್ಬಳ್ಳ್ಯಾಗ ಅಡ್ಡಾಡಾಕತ್ತಿದ್ದಾಗ ನೀರಿನ ಕೊಡಾ ಹೊತ್ತು ಬಳ್ಳಿ ಉಳಿಸಿದಾಕಿ ಆಕಿ. ಮಂದಿ ಮುಂದ ಒಮ್ಮೆ ಹೇಳೂನು ಅಂತ ಹೊಸಾ ಸೀರಿ ಉಡಿಸಿ ಕರಕೊಂಡ ಬಂದಿದ್ದೆ. ಎರಡನೇ ಸಾಲಿನ್ಯಾಗ ಕುಂತಿದ್ಲು."

"ಮನ್ಯಾಗ ಹೇಳಲಿಲ್ಲೇನು?"

"ಮನ್ಯಾಗ ಹೇಳೂದಾಗಿದ್ರ ಸಭಾ ಯಾಕ ಬೇಕಿತ್ತೋ ಮಾರಾಯಾ?"

ನೋಡಿ, ಗೆಳೆಯರೇ, ತುಂಬಿದ ಕುರ್ಚಿಗಳಿಂದ, ಗಡಿಯಾರದಿಂದ ಸಭೆಯನ್ನು ಅಳೆದ ನನಗೆ, ಸಭೆಯೆಂಬುದು ಯಾತಕ್ಕೆ ಇದೆಯೆಂಬುದನ್ನು ಆ ಕಟ್ಟೆಯ ಮೇಲೆ ಕೇಳಿಸಿಕೊಳ್ಳಬೇಕಾಯಿತು. ಮನೆಯೊಳಗೆ ಎಷ್ಟು ಸಲ ಆಡಿದರೂ ಪೂರ್ತಿಯಾಗದ ಕೆಲವು ಮಾತುಗಳಿರುತ್ತವೆ. ಅವಕ್ಕೆ ನಾಲ್ಕು ಜನರ ಕಿವಿ ಬೇಕು. ಆ ನಾಲ್ಕು ಜನ ತಿರುಗಿ ನೋಡಿದಾಗ ಎರಡನೇ ಸಾಲಿನಲ್ಲೊಬ್ಬಳು ತಲೆ ತಗ್ಗಿಸಿ ಸೆರಗು ಸರಿಮಾಡಿಕೊಳ್ಳಬೇಕು. ನಾವು ಪೆಂಡಾಲು ಹಾಕುವುದು ಅಷ್ಟಕ್ಕೆ. ಆ ಗಳಿಗೆ ಬಂದಾಗ ನಾನು ಅದರ ಕತ್ತು ಹಿಸುಕಿದೆ, ಅದೂ ಬಾಗಿ, ವಿನಯದಿಂದ.

"ತಪ್ಪಾತೋ ಬಸಣ್ಣ," ಎಂದೆ. "ಇನ್ನೊಂದು ಸಭಾ ಕೂಡಿಸ್ತೇನಿ. ಎಷ್ಟ ಹೊತ್ತ ಬೇಕಾದ್ರೂ ಮಾತಾಡು."

"ಕೂಡಸ್ತೀ. ಎರಡನೇ ಸಾಲಿನ್ಯಾಗ ಯಾರನ್ನ ಕುಂಡ್ರಸ್ತೀ?"

ಕಟ್ಟೆಯ ಮೇಲೆ ಬಿದ್ದಿದ್ದ ಒಂದೆಲೆಯನ್ನೆತ್ತಿ ರಾಶಿಗೆ ಸೇರಿಸಿದೆ. ಅವನ ಮುಖ ನೋಡದೆಯೇ ಕೇಳಿದೆ: "ಅಕ್ಕಗ ಸಿಟ್ಟ ಬಂದಿತ್ತೇನು?"

"ಆಕಿಗೆಲ್ಲಿ ಸಿಟ್ಟು? ನಾ ಏನ ಹೇಳಾಂವ ಇದ್ದೆ ಅನ್ನೂದು ಆಕಿಗೆ ಎಲ್ಲಿ ಗೊತ್ತಿತ್ತು?" ಅವನು ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತತೊಡಗಿದ. "ಹೊಳ್ಳಿ ಮನಿಗೆ ಬರೂ ಮುಂದ ಕೇಳಿದೆ, ಹೆಂಗಾತಬೇ ಅಕ್ಕಾ ಕಾರ್ಯಕ್ರಮ ಅಂತ. ಛಲೋ ಆತಪಾ, ಲಗೂನ ಮುಗಿಸಿದ್ರು, ಅಂದ್ಲು."