ಒಂದು ಗಂಟೆಯ ಕೆಂಪು ಬಾಕ್ಸು

ಚಿತ್ರದುರ್ಗದ ಸರ್ವರ್ ಕೋಣೆಯಲ್ಲಿ ನಾನೊಬ್ಬನೇ ಇರುತ್ತೇನೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕ್ಲಿನಿಕ್ಕುಗಳ ಫೈಲುಗಳೆಲ್ಲ ಇಲ್ಲಿಗೇ ಬಂದು ಸೇರುತ್ತವೆ. ನಮ್ಮ ಸರ್ವರ್ ಲಿನಕ್ಸ್, ಅಲ್ಲಿನ ಕಂಪ್ಯೂಟರುಗಳು ವಿಂಡೋಸ್. ಲಿನಕ್ಸಿಗೆ ಆಂಟಿವೈರಸ್ ಯಾಕೆ ಅನ್ನುವವರನ್ನು ಕಂಡರೆ ನನಗೆ ಮೈಯುರಿಯುತ್ತದೆ. ಅದಕ್ಕೇನೂ ಆಗದಿರಬಹುದು, ಅದರಲ್ಲಿಟ್ಟ ಫೈಲಿನಿಂದ ವಿಂಡೋಸ್ ಕೆಡುತ್ತದಲ್ಲ. ಹಾಗಾಗಿ ಎರಡೂ ಕಡೆ ಹಾಕಿದ್ದೆ.

ಆಂಟಿವೈರಸ್ ಎಚ್ಚರವಾಗಿದೆಯೇ ಎಂದು ನೋಡಲು ಒಂದು ಟೆಸ್ಟ್ ಫೈಲ್ ಇರುತ್ತದೆ. ಅಪಾಯವಿಲ್ಲದ್ದು, ಆದರೂ ಆಂಟಿವೈರಸ್ ಅದನ್ನು ವೈರಸ್ಸೆಂದೇ ಹಿಡಿದು ಪರದೆಯ ಮೇಲೆ ಕೆಂಪು ಬಾಕ್ಸು ತೋರಿಸುತ್ತದೆ. ತರಬೇತಿಯ ದಿನ ಅದನ್ನು ಎಲ್ಲರಿಗೂ ಕೊಟ್ಟು, "ಆಗಾಗ ಹಾಕಿ ನೋಡ್ರಿ" ಅಂದಿದ್ದೆ. ಆಮೇಲೆ ಮರೆತೇಬಿಟ್ಟೆ.

ಹೊಳಲ್ಕೆರೆಯಲ್ಲಿ ರೋಗಿಗಳಿಗೆ ಚೀಟಿ ಬರೆಯುವ ಅಕ್ಕ ನನಗಿಂತ ಬಹಳ ದೊಡ್ಡವರು. ದಿನವೂ ಮಧ್ಯಾಹ್ನ ಒಂದಕ್ಕೆ ಕ್ಲಿನಿಕ್ಕಿನಿಂದ ಅವರ ಫೋನು.

"ಕೆಂಪು ಬಂತಪ್ಪ."

"ಅದೇ ತೆಗ್ದಾಕ್ತೈತೆ ಬಿಡ್ರಕ್ಕ."

"ಊಟ ಆತಾ?"

"ಇನ್ನೂ ಇಲ್ಲ."

"ಎಷ್ಟೊತ್ತಿಗೆ ಉಣ್ತೀಯ? ಮೊದ್ಲು ಡಬ್ಬಿ ಬಿಚ್ಚು."

ಅಲ್ಲಿ ಯಾರೋ ಹಾಳು ಪೆನ್‌ಡ್ರೈವ್ ಚುಚ್ಚುತ್ತಿದ್ದಾರೆ ಅಂದುಕೊಂಡೆ. ವರದಿ ತೆಗೆದು ನೋಡುವ ತಾಳ್ಮೆ ನನಗೆಲ್ಲಿ? ಒಂದು ದಿನ ರೇಗಿಬಿಟ್ಟೆ. "ಇದಕ್ಕೆಲ್ಲ ಫೋನ್ ಮಾಡಬ್ಯಾಡ್ರಿ ಅಕ್ಕ, ನನಗೆ ಬೇರೆ ಕೆಲ್ಸ ಇಲ್ವಾ?"

"ಆತಪ್ಪ" ಅಂದರು. ಅವರ ಪರದೆಗೆ ಕೆಂಪು ಬಾಕ್ಸು ಬಾರದಂತೆ ಆವತ್ತೇ ಇಲ್ಲಿಂದ ನಿಲ್ಲಿಸಿದೆ.

ಫೋನು ನಿಂತಿತು. ಒಂದು ವಾರ ಹಾಯೆನಿಸಿತು. ಆಮೇಲೆ ಒಂದು ಗಂಟೆಯಾದರೆ ಸಾಕು, ಕಣ್ಣು ಫೋನಿನ ಮೇಲೆ. ಮೂರಕ್ಕೋ ನಾಲ್ಕಕ್ಕೋ ಡಬ್ಬಿ ಬಿಚ್ಚಿ, ತಣ್ಣಗಾದ ಚಿತ್ರಾನ್ನ ತಿನ್ನುತ್ತಿದ್ದೆ. ಉಂಡೆಯಾ ಎಂದು ಕೇಳುವ ಇನ್ನೊಂದು ಜೀವ ನನಗಿರಲಿಲ್ಲ. ನಾನೇ ಫೋನ್ ಮಾಡಬಹುದಿತ್ತು. ಯಾವ ಮುಖ ಇಟ್ಟುಕೊಂಡು ಮಾಡಲಿ?

ತಿಂಗಳುಗಳಾದ ಮೇಲೆ, ಹೊಸ ಆಂಟಿವೈರಸ್ ಹಾಕುವ ಮುಂಚೆ ಹಳೆಯ ವರದಿ ತೆಗೆದೆ. ಹೊಳಲ್ಕೆರೆಯಲ್ಲಿ ಸಿಕ್ಕಿದ್ದು ಒಂದೇ: ನಾನೇ ಕೊಟ್ಟ ಟೆಸ್ಟ್ ಫೈಲ್. ದಿನವೂ, ಒಂದಕ್ಕೆ ಎರಡು ನಿಮಿಷ ಇರುವಾಗ. ಕೆಂಪು ಬಾಕ್ಸು ನಿಲ್ಲಿಸಿದ ಮೇಲೂ ಅಕ್ಕ ಒಂಬತ್ತು ದಿನ ಹಾಕಿ ನೋಡಿದ್ದರು. ಹತ್ತನೆಯ ದಿನದಿಂದ ಇಲ್ಲ.

ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಹೊಸಬರೊಬ್ಬರು ಎತ್ತಿದರು. "ಅವ್ರು ಹೋದ ತಿಂಗ್ಳೇ ರಿಟೈರ್ ಆದ್ರು ಸರ್. ದುರ್ಗದ ಹುಡುಗ ಉಣ್ತಾನೋ ಇಲ್ವೋ ಅಂತಿದ್ರು. ಮೊಬೈಲ್ ನಂಬರ್ ಕೊಡ್ಲಾ?"

ನಂಬರು ಬರೆದುಕೊಂಡೆ. ಮಧ್ಯಾಹ್ನ ಒಂದಾಗುವವರೆಗೆ ಕಾದು ಒತ್ತಿದೆ.

"ಯಾರು?" ಅಂದರು.

ಕ್ಷಮಿಸಿ ಅನ್ನಬೇಕೆಂದಿದ್ದೆ.

"ಕೆಂಪು ಬಂತಕ್ಕ" ಅಂದೆ.