ಪೂಜೆಗೆ ಕೂತ ಅವ್ವನ ಉಸಿರು

ನಮ್ಮ ಅವ್ವನಿಗೆ ಲಕ್ವಾ ಹೊಡೆದು ಎಂಟು ವರ್ಷವಾಗಿತ್ತು. ಬಲಗೈ, ಬಲಗಾಲು ಹೋದವು. ಮಾತು ತೊದಲುತ್ತ ತೊದಲುತ್ತ ಮರಳಿ ಬಂತು. ಅವಳು ಒಂದು ದಿನವೂ ಬಿಡದೆ ಉಳಿಸಿಕೊಂಡದ್ದು ಲಿಂಗಪೂಜೆ. ಎಡ ಅಂಗೈ ನೆಟ್ಟಗಿತ್ತಲ್ಲ, ಅದರ ಮೇಲೆ ಇಷ್ಟಲಿಂಗ. ಮಗಳಾದ ನಾನು ಅವಳ ಬಲ ಮಣಿಕಟ್ಟು ಹಿಡಿದು, ಅವಳ ಬೆರಳಿನಿಂದಲೇ ವಿಭೂತಿ ಹಚ್ಚಿಸುತ್ತಿದ್ದೆ. ಪೂಜೆಯಾಗದೆ ಒಂದು ಗುಟುಕು ಚಹಾ ಮುಟ್ಟುವವಳಲ್ಲ. ಚಿತ್ತಾಪುರದ ಕಚೇರಿಗೆ ಹತ್ತಕ್ಕೆ ಮುಟ್ಟಬೇಕಾದ ನಾನು ಗಡಿಯಾರ ನೋಡುತ್ತ ಒಳಗೊಳಗೇ ಕುದಿಯುತ್ತಿದ್ದೆ.

ಬರಬರುತ್ತ ಪೂಜೆ ಉದ್ದವಾಯಿತು. ಲಿಂಗ ನೋಡುತ್ತ ನೋಡುತ್ತ ಅವ್ವ ಕಣ್ಣು ಮುಚ್ಚುವಳು, ಮುಖ ಸಡಿಲಾಗುವುದು, ಕರೆದರೂ ಓ ಎನ್ನಳು. ಓಣಿಯ ಹೆಂಗಸರು ಬಾಗಿಲಲ್ಲೇ ನಿಂತು ಕೈಮುಗಿದರು. "ಅವ್ವಾರು ಲಿಂಗದಾಗ ಕೂಡ್ಯಾರ ನೋಡ್ರಿ. ನಮಗೆಲ್ಲಿ ಬರಬೇಕು ಆ ಪುಣ್ಯ?" ಅಂದರು. ಒಬ್ಬಾಕೆಯಂತೂ ಮಗಳ ಲಗ್ನ ಗೊತ್ತಾಗಲೆಂದು ಅವಳ ಕಾಲಿಗೆ ಬಿದ್ದು ಹೋದಳು. ನಾನೂ ನಂಬಿದೆ. ಸುಳ್ಳೇಕೆ ಹೇಳಲಿ, ಹೆಮ್ಮೆಯೂ ಇತ್ತು. ಕುದಿಯುವುದು ಬಿಟ್ಟು, ಕಚೇರಿಗೆ ತಡವಾಗಿ ಹೋಗಿ ಬೈಸಿಕೊಳ್ಳತೊಡಗಿದೆ.

ರಾತ್ರಿಯ ಗೊರಕೆಯದು ಬೇರೆ ಕತೆ. ಪಕ್ಕದ ಮನೆಯವರೂ ಎದ್ದು ಕೂರುವಂಥದ್ದು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರಲ್ಲ, ಹಾಗೆ ಇವಳದು ಅಂದುಕೊಂಡೆ. ನಡುನಡುವೆ ಗೊರಕೆ ತಟ್ಟನೆ ನಿಲ್ಲುತ್ತಿತ್ತು. ಸದ್ಯ, ಸುಮ್ಮನಾದಳು ಎಂದು ನಾನು ಮಗ್ಗಲು ಬದಲಿಸಿ ನಿದ್ದೆ ಹೋಗುತ್ತಿದ್ದೆ.

ಒಂದು ಸೋಮವಾರ, ಕಣ್ಣು ಮುಚ್ಚಿ ಕೂತ ಅವ್ವನ ಅಂಗೈ ವಾಲಿತು. ಲಿಂಗ ಫರ್ಸಿಕಲ್ಲಿನ ನೆಲಕ್ಕೆ ಬಿತ್ತು. ನಮ್ಮವರಿಗೆ ಅದಕ್ಕಿಂತ ದೊಡ್ಡ ಅಪಚಾರವಿಲ್ಲ. ಸದ್ದಿಗೆ ಎಚ್ಚೆತ್ತವಳು ನೆಲ ನೋಡಿದಳು, ತನ್ನ ಕೈ ನೋಡಿಕೊಂಡಳು.

"ನನ್ನ ಕೈಲಿಂದ ಬಿತ್ತು. ಇನ್ನ ನಾ ಯಾಕ ಇರಬೇಕು?" ಅಂದಳು.

ಅಂದು ಅನ್ನ ಮುಟ್ಟಲಿಲ್ಲ. ಮರುದಿನವೂ ಇಲ್ಲ. ಬಿ.ಪಿ. ಗುಳಿಗೆ ಬಾಯಿಗೆ ಹಾಕಿದರೆ ಉಗುಳಿದಳು. ಗುಳಿಗೆ ತಪ್ಪಿದರೆ ಇನ್ನೊಮ್ಮೆ ಲಕ್ವಾ ಹೊಡೆಯುತ್ತದೆಂದು ನನಗೆ ಗೊತ್ತಿತ್ತು. ಬೇಡಿಕೊಂಡೆ, ಬೈದೆ, ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಕೊನೆಗೆ ನಮ್ಮ ಮನೆತನದ ಗುರುಗಳಾದ ಮುದಿ ಅಯ್ಯನವರಿಗೆ ಫೋನು ಮಾಡಿದೆ. ನಾಲವಾರದಲ್ಲಿ ರೈಲು ಹತ್ತಿ ಮಧ್ಯಾಹ್ನಕ್ಕೆ ಬಂದರು.

ಅವರ ದಾರಿ ಕಾಯುತ್ತಲೇ ಅವ್ವ ಗೋಡೆಗೊರಗಿ ಕಣ್ಣು ಮುಚ್ಚಿಬಿಟ್ಟಿದ್ದಳು. ಎಬ್ಬಿಸಲು ಹೋದೆ.

"ತಡಿ ಯವ್ವಾ," ಅಂದರು ಅಯ್ಯನವರು. ಬಹಳ ಹೊತ್ತು ನೋಡಿದರು. "ಆಕಿ ಮೂಗಿನ ಮುಂದ ಕೈ ಹಿಡಿ."

ಹಿಡಿದೆ. ಗಾಳಿಯೇ ಇಲ್ಲ. ಎದೆ ಎಳೆಯುತ್ತಿತ್ತು, ಹೊಟ್ಟೆ ಜಗ್ಗುತ್ತಿತ್ತು, ಉಸಿರು ಮಾತ್ರ ಒಳಗೂ ಇಲ್ಲ, ಹೊರಗೂ ಇಲ್ಲ. ಮನಸ್ಸಿನಲ್ಲೇ ಎಣಿಸಿದೆ; ಇಪ್ಪತ್ತು ದಾಟಿತು. ತುಟಿ ಕಪ್ಪಾಯಿತು. ಆಮೇಲೆ ಎರಿಮಣ್ಣಿನ ಕೆಸರಲ್ಲಿ ಹೂತ ಕಾಲು ಕಿತ್ತಂಥ ಸದ್ದು, ಮೈಯೆಲ್ಲ ಒಮ್ಮೆ ಬೆಚ್ಚಿ, ಉಸಿರು ಬಂತು. ಅರೆ ಕಣ್ಣು ತೆರೆದು ಮತ್ತೆ ಮುಚ್ಚಿದಳು. ಮತ್ತೆ ಅದೇ.

ಇಷ್ಟು ವರ್ಷ ರಾತ್ರಿ ಗೊರಕೆ ನಿಂತಾಗ ನಾನು ಸದ್ಯ ಅಂದುಕೊಂಡು ಮಲಗಿದ್ದು ಇಂಥ ಹೊತ್ತಿನಲ್ಲೇ.

"ಇದು ಧ್ಯಾನ ಅಲ್ಲವ್ವಾ, ಉಸುರು ಕಟ್ಟಲಿಕತ್ತದ," ಅಂದರು ಅಯ್ಯನವರು. ಅವ್ವ ಎದ್ದಾಗ ಲಿಂಗವನ್ನು ತಾವೇ ಪೂಜಿಸಿ ಅವಳ ಕೊರಳಿಗೆ ಕಟ್ಟಿದರು. "ಲಿಂಗ ಎಲ್ಲಿ ಹೋಗ್ಯಾದ? ಎದಿಮ್ಯಾಲೇ ಅದ. ಹೋಗಲಿಕತ್ತಿದ್ದು ನಿನ್ನ ಉಸುರು. ಮೊದಲ ಉಣ್ಣು, ಆಮ್ಯಾಲ ದವಾಖಾನಿಗಿ ನಡಿ."

ಅವರ ಕೈಯಿಂದ ಎರಡು ತುತ್ತು ಉಂಡಳು. ಗುಳಿಗೆಯನ್ನೂ ನುಂಗಿದಳು.

ಕಲಬುರಗಿಯಲ್ಲಿ ಮೈತುಂಬ ವೈರು ಅಂಟಿಸಿ ಮಲಗಿಸಿ ಪರೀಕ್ಷೆ ಮಾಡಿದರು. ಲಕ್ವಾ ಆದವರಲ್ಲಿ ಎಷ್ಟೋ ಮಂದಿಗೆ ಹೀಗಿರುತ್ತದೆ, ನಿದ್ದೆಯಲ್ಲಿ ಗಂಟಲು ಮುಚ್ಚಿಕೊಳ್ಳುತ್ತದೆ, ರಾತ್ರಿ ನಿದ್ದೆ ಕೆಟ್ಟು ಹಗಲೆಲ್ಲ ತೂಕಡಿಕೆ ಎಂದರು ಡಾಕ್ಟರು. "ಇಷ್ಟು ದಿನ ಹೆಂಗ ತಡಕೊಂಡಾರ ಅನ್ನೋದೇ ದೊಡ್ಡದು," ಅಂದರು.

ನನಗೂ ಅದೇ ಬೆರಗು. ಅರ್ಧ ಮೈ ಮಾತು ಕೇಳದ ಈ ಮುದುಕಿ ಒಂದೊಂದು ರಾತ್ರಿ ಎಷ್ಟು ಸಲ ಸಾವಿನ ಹೊಸ್ತಿಲ ತನಕ ಹೋಗಿ, ಯಾರನ್ನೂ ಕೂಗದೆ, ತನಗೇ ಗೊತ್ತಿಲ್ಲದೆ ತಿರುಗಿ ಬಂದಿದ್ದಾಳೆ! ಅಂದು ಆಸ್ಪತ್ರೆಯ ಮಂಚದ ಬಳಿ ಅವಳ ಕಾಲು ಮುಟ್ಟಿ ನಮಸ್ಕರಿಸಿದೆ. ಯಾಕೆಂದು ಅವಳಿಗೆ ತಿಳಿಯಲಿಲ್ಲ.

ಮಲಗುವಾಗ ಮೂಗಿಗೆ ಕಟ್ಟಿ ಗಾಳಿ ಊದುವ ಯಂತ್ರ ಕೊಟ್ಟರು. "ಇದೇನವ್ವಾ, ಆನಿ ಸೊಂಡಿ ಕಟ್ಟಲಿಕತ್ತೀಯಲ್ಲ ನನಗ?" ಎಂದು ಮೊದಲ ವಾರ ಕಿತ್ತೊಗೆದಳು. ಆಮೇಲೆ ಒಗ್ಗಿತು.

ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಚಹಾ ಕುದಿಯುವುದರೊಳಗೆ ಪೂಜೆ ಮುಗಿಯಿತು. ಉದ್ದಕ್ಕೂ ಅವಳ ಕಣ್ಣು ತೆರೆದೇ ಇತ್ತು, ಅಂಗೈ ಅಲುಗಲಿಲ್ಲ. ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿದೆ. ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು. ನೋಡುತ್ತಲೇ ಇದ್ದಳು.

"ಯವ್ವಾ," ಅಂದಳು, "ನಿನ್ನ ಕೂದಲಾ ಯಾವಾಗ ಬೆಳ್ಳಗಾದ್ವು?"