ಹೆಬ್ಬೆರಳಿಗೆ ಎಟುಕುವ ನಾಲ್ಕು ಗುಂಡಿ

೨೦೦೩ರಲ್ಲಿ, ಒಂಬತ್ತನೆಯ ತರಗತಿಯ ಅರ್ಧಕ್ಕೆ, ನಾನು ಶಾಲೆ ಬಿಟ್ಟೆ. ನಪಾಸಾಗಿ ಬಿಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗಣಿತದಲ್ಲಿ ನನಗಿಂತ ಮುಂದಿದ್ದವರು ಇಬ್ಬರೇ. ಮಸಗುಪ್ಪಿಯ ನಮ್ಮ ಮನೆಯಿಂದ ಅಪ್ಪ, ಅವ್ವ, ಅಕ್ಕ ಮೂವರೂ ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದರು. ನಾಲ್ಕನೆಯವನೂ ಅಲ್ಲಿಗೇ ಹೋಗುವುದು ಬೇಡ, ಕೂತು ಮಾಡುವ ಕೆಲಸವೊಂದನ್ನು ಕಲಿಯಲಿ ಎಂದು ಅಪ್ಪ ನನ್ನನ್ನು ಗೋಕಾಕ ಫಾಲ್ಸ್‌ನಲ್ಲಿ ರೇಡಿಯೊ, ಟಿ.ವಿ. ರಿಪೇರಿ ಮಾಡುವವರೊಬ್ಬರ ಅಂಗಡಿಯಲ್ಲಿ ಬಿಟ್ಟು ಬಂದ. ಎಂಟು ವರ್ಷ ಅಲ್ಲಿದ್ದೆ. ಆಮೇಲೆ ಗೋಕಾಕದಲ್ಲಿ ಮೊಬೈಲ್ ರಿಪೇರಿ, ಅದಾದ ಮೇಲೆ ಮೂಡಲಗಿಯಲ್ಲಿ ಸ್ವಂತ ಅಂಗಡಿ.

ಆ್ಯಪ್ ಮಾಡುವುದನ್ನು ನನಗೆ ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. ಕೆಟ್ಟು ಹೋಗಿದ್ದ ಲ್ಯಾಪ್‌ಟಾಪ್ ಒಂದನ್ನು ಸರಿಮಾಡಿ ಇಟ್ಟುಕೊಂಡು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಹಿಂದಿಯ ವಿಡಿಯೊ ಹಾಕಿ, ನಿಲ್ಲಿಸಿ, ಬರೆದುಕೊಂಡು, ತಪ್ಪಿ, ಮತ್ತೆ ಬರೆದು ಕಲಿತೆ. ಎರಡು ವರ್ಷ ಹಿಡಿಯಿತು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಕೋಡಿನ ಇಂಗ್ಲಿಷ್ ಬೇರೆ. ಅವೇ ಶಬ್ದಗಳು ತಿರುಗಿ ತಿರುಗಿ ಬರುತ್ತವೆ, ಒಮ್ಮೆ ಗುರುತು ಹತ್ತಿದರೆ ಮೋಸ ಮಾಡುವುದಿಲ್ಲ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಈಗಲೂ ಮಸಗುಪ್ಪಿಯಲ್ಲೇ ಇದ್ದಾಳೆ. ಹೊಲದ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಗುಂಪೊಂದಕ್ಕೆ ಅವಳೇ ಮುಂದಾಳು, ಅವಳನ್ನೂ ಸೇರಿಸಿ ಹದಿನಾಲ್ಕು ಮಂದಿ. ಕೆಲಸಕ್ಕೆ ನಮ್ಮಲ್ಲಿ ದಗದ ಅನ್ನುತ್ತಾರೆ. ಎಲ್ಲಿ ದಗದ, ಎಷ್ಟು ಮಂದಿ, ಎಷ್ಟು ದಿನ ಎಂದು ರೈತರು ಮುಂದಾಳಿಗೆ ಫೋನ್ ಮಾಡಿ ಕೇಳುತ್ತಾರೆ. ಅವಳು ಒಪ್ಪಿದರೆ ಮರುದಿನ ಬೆಳಿಗ್ಗೆ ಓಣಿಯ ಮುಂದೆ ಟ್ರ್ಯಾಕ್ಟರ್ ಬಂದು ನಿಲ್ಲುತ್ತದೆ. ತೊಂದರೆ ಏನೆಂದರೆ, ಫೋನ್ ಬರುವುದು ಅಕ್ಕ ಇನ್ನೊಬ್ಬರ ಹೊಲದಲ್ಲಿ ಕುಕ್ಕರುಗಾಲಿನಲ್ಲಿ ಕೂತಿರುವಾಗ. ಎತ್ತಿ ಮಾತಾಡುತ್ತ ನಿಂತರೆ ಆ ಹೊಲದವರಿಗೆ ಸಿಟ್ಟು, ಎತ್ತದಿದ್ದರೆ ದಗದ ಬೇರೆಯವರಿಗೆ. ಅದಕ್ಕಾಗಿಯೇ ನಾನು ಆ್ಯಪ್ ಮಾಡಿದ್ದು. ರೈತ ತನ್ನ ಫೋನಿನಲ್ಲಿ ದಗದ ಹಾಕಬೇಕು, ಅದು ಅಕ್ಕನ ಫೋನಿಗೆ ಬರುತ್ತದೆ, ಸಂಜೆ ಐದರೊಳಗೆ ಅವಳು ಒಪ್ಪದಿದ್ದರೆ ತಾನಾಗಿ ಇನ್ನೊಂದು ಗುಂಪಿಗೆ ಹೋಗುತ್ತದೆ.

ಮೊದಲ ಸಲ ಅದನ್ನು ಬಹಳ ಚಂದ ಮಾಡಿದ್ದೆ. ತೆರೆದ ಕೂಡಲೇ ಪರದೆಯ ತುಂಬ ಅರಿಶಿನ ಹೊಲದ ಫೋಟೊ, ನಾನೇ ತೆಗೆದದ್ದು. ಉಳಿದದ್ದೆಲ್ಲ ಮೇಲಿನ ಮೂಲೆಯ ಮೂರು ಸಣ್ಣ ಗೆರೆಗಳ ಒಳಗೆ. ಗೆರೆ ಒತ್ತಿದರೆ ಒಂದು ಪಟ್ಟಿ ಇಳಿಯುತ್ತದೆ, ಆ ಪಟ್ಟಿಯಲ್ಲಿ ‘ಬಂದ ದಗದ’ ಅಂತ ಇರುತ್ತದೆ. ದೊಡ್ಡವರ ಆ್ಯಪ್‌ಗಳಲ್ಲಿ ಹಾಗೇ ಇರುವುದನ್ನು ನೋಡಿದ್ದೆ. ಅವರದಕ್ಕಿಂತ ನನ್ನದು ಕಡಿಮೆ ಇರಬಾರದು ಅಂದುಕೊಂಡಿದ್ದೆ.

ಕೌಜಲಗಿಯ ರೈತರೊಬ್ಬರು ಅದರಲ್ಲಿ ಐದು ದಿನದ ದಗದ ಹಾಕಿದರು. ಅರಿಶಿನದಲ್ಲಿ ಕಸ, ಅಂದರೆ ಕಳೆ, ತೆಗೆಯುವುದು, ಹದಿನಾಲ್ಕೂ ಮಂದಿ ಬೇಕು. ಅಕ್ಕನ ಫೋನ್ ಸಪ್ಪಳ ಮಾಡಿತು. ಅವಳು ತೆರೆದಳು, ಫೋಟೊ ನೋಡಿದಳು, ಮುಚ್ಚಿದಳು. ಮಧ್ಯಾಹ್ನ ಇನ್ನೊಮ್ಮೆ ತೆರೆದಳು, ಅದೇ ಫೋಟೊ. ಐದು ಗಂಟೆಗೆ ದಗದ ಆಚೆ ಓಣಿಯ ಗುಂಪಿಗೆ ಹೋಯಿತು. ಮರುದಿನ ಆ ಗುಂಪಿನವರು ಟ್ರ್ಯಾಕ್ಟರ್ ಹತ್ತುವುದನ್ನು ನಮ್ಮ ಗುಂಪಿನವರು ಕಟ್ಟೆಯ ಮೇಲೆ ಕೂತು ನೋಡಿದರು. ಮುಂದಾಳಿನ ತಮ್ಮನ ಆಟಕ್ಕೆ ನಮ್ಮ ದಗದ ಹೋಯಿತು ಎಂದು ಆಡಿಕೊಂಡರು. ಮೂವರಂತೂ, ಇನ್ನು ಮೇಲೆ ನಾವೂ ಆ ಗುಂಪಿನ ಜೊತೆಗೇ ಹೋಗುವವರು ಎಂದರಂತೆ.

ಆ ಭಾನುವಾರ ಊರಿಗೆ ಹೋದಾಗ ಅಕ್ಕ ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಮುಖ ಎತ್ತಲಿಲ್ಲ.

“ಫೋಟೋ ಚಂದ ಐತಿ. ಅದರಾಗ ಕಸ ತಗಿಯಾಕ ಹೆಂಗ ಹೋಗೂದು, ಅದನ್ನಷ್ಟ ಹೇಳು.”

ನಾನು ಅವಳ ಫೋನ್ ತೆಗೆದುಕೊಂಡು ಮೂರು ಗೆರೆಗಳನ್ನು ತೋರಿಸಿದೆ.

“ಅದು ಒತ್ತೂದೇನು? ಗಾಜಿಗೆ ಗೀರ ಬಿದ್ದಾವಂತ ತಿಳದಿದ್ದೆ.”

ಎಲ್ಲರಿಗೂ ಗೊತ್ತಿರುವ ಗುರುತು ಅದು ಎಂದುಬಿಟ್ಟೆ. ಆಗ ಮುಖ ಎತ್ತಿದಳು.

“ನಿನಗ ಗೊತ್ತಾದ್ರ ಎಲ್ಲಾರಿಗೂ ಗೊತ್ತಾದಂಗ ಅಲ್ಲ, ತಮ್ಮಾ. ಇನ್ನೊಂದ ದಗದ ಹಿಂಗ ತಪ್ಪಿತಂದ್ರ ಮೂರ ಮಂದಿ ಅಲ್ಲ, ಅರ್ಧ ಗುಂಪು ಹೋಗತೈತಿ. ಆಮ್ಯಾಲ ನಾ ಯಾರಿಗೆ ಮುಂದಾಳು?”

ಹನ್ನೊಂದು ವರ್ಷದಿಂದ ಅವಳು ಮುಂದಾಳು. ಯಾರೂ ಆರಿಸಿದ್ದಲ್ಲ, ಒಬ್ಬೊಬ್ಬರೇ ಅವಳ ಹಿಂದೆ ಬಂದು ಆದದ್ದು. ಹಾಗೆ ಆದದ್ದು ಹಾಗೆಯೇ ಹೋಗುತ್ತದೆ, ಅದು ನನಗೆ ತಿಳಿದಿತ್ತು.

ಮರುದಿನ ಅಂಗಡಿ ತೆರೆಯಲಿಲ್ಲ. ಗುಂಪಿನ ಜೊತೆ ಟ್ರ್ಯಾಕ್ಟರ್ ಹತ್ತಿ ಹೊಲಕ್ಕೆ ಹೋಗಿ ಬದುವಿನ ಮೇಲೆ ಕೂತೆ. ಸಾಲಿಗೊಬ್ಬರಂತೆ ಹದಿನಾಲ್ಕು ಮಂದಿ ಒಂದೇ ವೇಗದಲ್ಲಿ ಮುಂದೆ ಸರಿಯುತ್ತಾರೆ. ಬಲಗೈಯಲ್ಲಿ ಕಸ ಕೀಳುವ ಕುರ್ಪಿ, ಎಡಗೈ ಕಿತ್ತದ್ದನ್ನು ಹಿಡಿಯಲು. ಫೋನ್ ಸಪ್ಪಳ ಮಾಡಿದರೆ ಅಕ್ಕ ಎಡಗೈಯ ಮಣ್ಣನ್ನು ಸೀರೆಗೆ ಒರೆಸಿ, ಸೊಂಟದಿಂದ ಅದನ್ನು ತೆಗೆಯುತ್ತಾಳೆ. ನಾಲ್ಕು ಬೆರಳು ಫೋನ್ ಹಿಡಿದಿರುತ್ತವೆ, ಉಳಿಯುವುದು ಹೆಬ್ಬೆರಳು ಒಂದೇ. ಅದು ಪರದೆಯ ತಳಕ್ಕೆ ಮುಟ್ಟುತ್ತದೆ, ಮೇಲಿನ ಮೂಲೆಗೆ ಮುಟ್ಟುವುದಿಲ್ಲ. ಮುಟ್ಟಬೇಕೆಂದರೆ ಕುರ್ಪಿ ಕೆಳಗಿಡಬೇಕು. ಮುಂದಾಳು ಕುರ್ಪಿ ಕೆಳಗಿಟ್ಟರೆ ಸಾಲು ಪೂರ್ತಿ ನಿಲ್ಲುತ್ತದೆ. ಇನ್ನು, ಆ ಬಿಸಿಲಿನಲ್ಲಿ ನನ್ನ ಬೂದು ಬಣ್ಣದ ಅಕ್ಷರಗಳು ನನಗೇ ಕಾಣಲಿಲ್ಲ.

ನಾಲ್ಕು ದಿನ ಕೂತು ಎಲ್ಲವನ್ನೂ ಕೆಳಗಿಳಿಸಿದೆ. ಫೋಟೊ ತೆಗೆದೆ, ಮೂರು ಗೆರೆ ತೆಗೆದೆ. ಪರದೆಯ ತಳದಲ್ಲಿ ಒಂದು ಪಟ್ಟಿ, ಅದರಲ್ಲಿ ಸಾಲಾಗಿ ಮೂರು ಗುಂಡಿ. ನಮ್ಮ ಕೆಲಸದಲ್ಲಿ ಇವಕ್ಕೆ ಟ್ಯಾಬ್ ಅನ್ನುತ್ತಾರೆ. ಎಡತುದಿಗೆ ‘ಬಂದ ದಗದ’, ನಡುವೆ ‘ಒಪ್ಪಿದ್ದು’, ಬಲಕ್ಕೆ ‘ನಮ್ಮ ಮಂದಿ’. ಹಳದಿಯ ಮೇಲೆ ಕಪ್ಪು ಅಕ್ಷರ. ನನ್ನ ಫೋನಿನಲ್ಲಿ ನೆಟ್ಟಗೆ ನಡೆಯಿತು. ಅಕ್ಕನ ಫೋನಿನಲ್ಲಿ ಹಾಕಿದರೆ, ‘ಬಂದ ದಗದ’ ಒತ್ತಿದ ಕೂಡಲೇ ಆ್ಯಪೇ ಮುಚ್ಚಿಹೋಯಿತು.

ಎರಡು ದಿನ ನಾನೇ ಹುಡುಕಿದೆ. ಓದಿದವರ ಮುಂದೆ ಹೋಗಿ ನಿಂತು ಕೇಳುವುದು ನನಗೆ ಆಗದ ಮಾತು. ಮೂರನೆಯ ದಿನ, ಇನ್ನೊಂದು ದಗದ ತಪ್ಪಿದರೆ ಎಂದ ಅಕ್ಕನ ಮಾತು ನೆನಪಾಗಿ, ಹುಕ್ಕೇರಿಯ ಬಸ್ ಹತ್ತಿದೆ. ಅಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ಸರ್ ಒಬ್ಬರಿದ್ದಾರೆ, ಅವರ ಲ್ಯಾಪ್‌ಟಾಪ್ ಒಮ್ಮೆ ನನ್ನ ಅಂಗಡಿಗೆ ಬಂದಿತ್ತು. ಎರಡು ಫೋನನ್ನೂ ಪಕ್ಕಪಕ್ಕಕ್ಕೆ ಇಟ್ಟು ನೋಡಿ ಅವರು ನಕ್ಕರು. ಅಕ್ಕನ ಫೋನಿನ ತಳದಲ್ಲಿ ಹಿಂದೆ ಹೋಗುವ, ಮುಚ್ಚುವ ಗುಂಡಿಗಳು ಫೋನಿನವೇ ಇವೆ, ನನ್ನ ಪಟ್ಟಿ ಅವುಗಳ ಮೇಲೆಯೇ ಹೋಗಿ ಕೂತಿದೆ. ನನ್ನ ಫೋನಿನಲ್ಲಿ ಆ ಗುಂಡಿಗಳನ್ನು ನಾನು ಎಂದೋ ಮರೆಮಾಡಿದ್ದೆ, ಅದಕ್ಕೇ ಕಂಡಿರಲಿಲ್ಲ. ತಳದಲ್ಲಿ ಅಷ್ಟು ಜಾಗ ಬಿಡುವ ಕೋಡಿನ ಸಾಲೊಂದನ್ನು ತೋರಿಸಿ, ಎಲ್ಲಿ ಕಲಿತಿರಿ ಎಂದು ಕೇಳಿದರು. ಒಂಬತ್ತನೆಯದರ ಅರ್ಧ ಎಂದೆ. ಅವರು ಹೂಂ ಎಂದು ಚಹಾ ತರಿಸಿದರು. ಇಷ್ಟೇ ಆದದ್ದು. ಇದಕ್ಕೆ ನಾನು ಎರಡು ದಿನ ಹೆದರಿದ್ದೆ.

ಗುಂಡಿಗಳು ಸರಿಯಾದವು, ಅಕ್ಕ ಹೆಬ್ಬೆರಳಿನಿಂದ ಒತ್ತತೊಡಗಿದಳು. ಆದರೂ ವಾರದೊಳಗೆ ಮತ್ತೊಂದು ತಕರಾರು. ಬಂದ ಪ್ರತಿ ದಗದದ ಕೆಳಗೆ ‘ಬರ್ತೀವಿ’, ‘ಬರೂದಿಲ್ಲ’ ಎಂದು ಎರಡು ಕೊಟ್ಟಿದ್ದೆ. ಊರಿನ ರೈತರೊಬ್ಬರು, ಗುಂಪು ಬೇರೆ ಕಡೆ ಒಪ್ಪಿದ್ದ ದಿನಕ್ಕೇ ದಗದ ಹಾಕಿದರು. ಅಕ್ಕ ಯಾವುದನ್ನೂ ಒತ್ತಲಿಲ್ಲ. ಅವರು ಐದರವರೆಗೆ ಕಾದರು, ಆಮೇಲೆ ಅದು ಇನ್ನೊಂದು ಗುಂಪಿಗೆ ಹೋಗುವ ಹೊತ್ತಿಗೆ ಆ ಗುಂಪೂ ಬೇರೆ ಕಡೆ ಒಪ್ಪಿಯಾಗಿತ್ತು. ಮರುದಿನ ಬಾಗಿಲಿಗೇ ಬಂದು, ಇಲ್ಲ ಅಂತ ಒಂದು ಮಾತು ತಿಳಿಸಲು ಏನಾಗಿತ್ತು ಎಂದು ಎಲ್ಲರೆದುರು ಕೇಳಿ ಹೋದರು. ಒಂದು ಕಡೆ ಗುಂಪಿನ ಮೂವರು, ಇನ್ನೊಂದು ಕಡೆ ರೈತರು. ಅಕ್ಕ ನಡುವೆ ಸಿಕ್ಕಿಕೊಂಡದ್ದು ನನ್ನ ಆ್ಯಪ್‌ನಿಂದ.

‘ಬರೂದಿಲ್ಲ’ ಅಂತ ಇತ್ತಲ್ಲ, ಯಾಕೆ ಒತ್ತಲಿಲ್ಲ ಎಂದು ಕೇಳಿದೆ.

“ಮುಖಕ್ಕ ಹೊಡದಂಗ ಹೆಂಗ ಒತ್ತಲಿ? ಮುಂದಿನ ವಾರ ಅವರ ಹೊಲದಾಗ ನೀರ ಕುಡಿಯೂದೈತಿ.”

“ಮತ್ತ ಮೊದಲ ಫೋನಿನ್ಯಾಗ ಏನಂತಿದ್ದಿ?”

“ನೋಡ್ತೀವ್ರಿ ಅಂತಿದ್ದೆ. ಮಂದೀನ ಕೇಳಿ ಹೇಳ್ತೇನ್ರಿ ಅಂತಿದ್ದೆ. ಅದನ್ನ ಎಲ್ಲಿ ಇಟ್ಟೀಯೋ ಇದರಾಗ?”

ಎಲ್ಲಿಯೂ ಇಟ್ಟಿರಲಿಲ್ಲ. ಅದು ಬರೀ ಮರ್ಯಾದೆಯ ಮಾತೂ ಅಲ್ಲ, ಅವಳು ನಿಜವಾಗಿ ಕೇಳುತ್ತಾಳೆ. ಮಧ್ಯಾಹ್ನ ರೊಟ್ಟಿ ತಿಂದಾದ ಮೇಲೆ ಯಾರಾದರೊಬ್ಬರು ಎಲೆ ಅಡಿಕೆಯ ಸಂಚಿ ಬಿಚ್ಚುತ್ತಾರೆ, ಅದು ಕೈಯಿಂದ ಕೈಗೆ ಹೋಗಿ ಬರುವಷ್ಟರಲ್ಲಿ ನಾಳೆ ಯಾರ ಹೊಲ ಎಂಬುದು ತೀರ್ಮಾನವಾಗುತ್ತದೆ. ಕೇಳದೆ ಒಪ್ಪುವವಳು ಮುಂದಾಳು ಅಲ್ಲ. ಅವ್ವನ ಜೊತೆ ಹೊಲಕ್ಕೆ ಹೋಗಿ ಇದನ್ನೆಲ್ಲ ನೋಡುತ್ತಲೇ ಬೆಳೆದವನು ನಾನು. ವಿಡಿಯೊದಲ್ಲಿ ಇರಲಿಲ್ಲ ಎಂದು ಬಿಟ್ಟುಬಿಟ್ಟಿದ್ದೆ.

ಪಟ್ಟಿಯಲ್ಲಿ ನಾಲ್ಕನೆಯ ಗುಂಡಿ ಕೂರಿಸಿದೆ, ‘ನೋಡ್ತೀವಿ’. ಬಂದ ದಗದವನ್ನು ಅಕ್ಕ ಒಂದೇ ಒತ್ತಿಗೆ ಅಲ್ಲಿಗೆ ಕಳಿಸಬಹುದು. ಆಗ ರೈತನ ಫೋನಿನಲ್ಲಿ ‘ನೋಡ್ತೀವಿ ಅಂದಾರ’ ಎಂದು ಬರುತ್ತದೆ. ಐದರವರೆಗೆ ಒಪ್ಪಿಗೆ ಬರದಿದ್ದರೆ ಅದರ ಅರ್ಥ ಅವರಿಗೆ ಗೊತ್ತು, ಯಾರೂ ಯಾರಿಗೂ ಇಲ್ಲ ಎಂದಂತಾಗಲಿಲ್ಲ. ‘ಬರೂದಿಲ್ಲ’ ಎಂಬುದನ್ನು ಕಿತ್ತೇ ಹಾಕಿದೆ. ಹೊಸ ಗುಂಡಿಗೆ ಮೊದಲು ಕಣ್ಣಿನ ಚಿತ್ರ ಹಾಕಿದ್ದೆ. ಗುಂಪಿನ ಹಿರಿಯ ಹೆಂಗಸೊಬ್ಬಳು ಅದನ್ನು ನೋಡಿದಳು.

“ನಮ್ಮ ದಗದಕ್ಕ ಕಣ್ಣ ಹಚ್ಚಾಕ ಊರಾಗ ಮಂದಿ ಭಾಳ ಅದಾರ. ನೀ ಬ್ಯಾರೆ ಹಚ್ಚಬ್ಯಾಡೋ ಯಪ್ಪಾ.”

ಕಣ್ಣು ಅಳಿಸಿ ಸಂಚಿ ಬರೆದೆ. ಅದರ ದಾರ ಸರಿಯಾಗಿ ಕಾಣುವಂತೆ ಮಾಡಲು ಒಂದು ಹಗಲು ಹೋಯಿತು.

ತಿಂಗಳ ಮೇಲೆ ಕೌಜಲಗಿಯ ಅದೇ ರೈತರು ಮತ್ತೆ ದಗದ ಹಾಕಿದರು. ಎರಡನೆಯ ಸಲದ ಕಸ, ಆರು ದಿನ, ಹದಿನಾಲ್ಕು ಮಂದಿ. ಆ ಮೂವರು ಇನ್ನೂ ಅಕ್ಕನ ಜೊತೆಗೇ ಬರುತ್ತಿದ್ದರು, ಆದರೆ ಇದೂ ತಪ್ಪಿದರೆ ಹೊರಟೆವು ಎಂದು ಹೇಳಿಟ್ಟಿದ್ದರು. ನಾನು ಮೂಡಲಗಿಯ ಅಂಗಡಿಯಲ್ಲಿ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡಿದ್ದೆ, ಯಾರು ಏನು ಒತ್ತಿದರು ಎಂಬುದು ಅದರಲ್ಲಿ ಕಾಣುತ್ತದೆ. ಹನ್ನೊಂದಕ್ಕೆ ದಗದ ‘ನೋಡ್ತೀವಿ’ಗೆ ಸರಿಯಿತು. ಹೆಬ್ಬೆರಳು ಮುಟ್ಟಿದೆ. ಹನ್ನೆರಡಾಯಿತು, ಒಂದಾಯಿತು, ಏನೂ ಇಲ್ಲ. ಗಿರಾಕಿಯೊಬ್ಬರ ಫೋನಿನ ಸ್ಕ್ರೂ ಎರಡು ಸಲ ಕೈಜಾರಿತು. ಅಕ್ಕನಿಗೆ ಫೋನ್ ಮಾಡೋಣ ಅನಿಸಿತು, ಮಾಡಲಿಲ್ಲ. ಎರಡಕ್ಕೆ ಹತ್ತು ನಿಮಿಷ ಇದ್ದಾಗ ‘ಬರ್ತೀವಿ’ ಬಂತು. ‘ನಮ್ಮ ಮಂದಿ’ ತೆರೆದು ನೋಡಿದೆ. ಹದಿನಾಲ್ಕು ಹೆಸರಿಗೂ ಬರುವವರೆಂಬ ಗುರುತು ಬಿದ್ದಿತ್ತು, ಆ ಮೂವರದಕ್ಕೂ.

ಸಂಜೆ ಅಕ್ಕನೇ ಫೋನ್ ಮಾಡಿದಳು. ಆರು ದಿನ ಕೌಜಲಗಿಗೆ ಹೋಗುವುದಿದೆ, ಬುತ್ತಿಯ ಡಬ್ಬಿಯ ಮುಚ್ಚಳ ಸಡಿಲಾಗಿದೆ, ಹೊಸದೊಂದು ತಂದುಕೊಡು ಎಂದಳು.

ಈಗ ನನ್ನ ಹತ್ತಿರ ಮೂಡಲಗಿಯಲ್ಲಿ ಒಂದು ಅಂಗಡಿ, ಗೋಕಾಕದಲ್ಲಿ ಇನ್ನೊಂದು, ಲ್ಯಾಪ್‌ಟಾಪ್ ಎರಡು. ಆ್ಯಪಿನಲ್ಲಿ ಗುಂಪು ಹನ್ನೊಂದು, ಅದರಲ್ಲಿ ಎರಡು ಹುಕ್ಕೇರಿ ಕಡೆಯವು. ರೈತರು ಅರವತ್ತೆರಡು ಮಂದಿ. ಅಕ್ಕನ ಗುಂಪಿನಲ್ಲಿ ಹದಿನೇಳು.